ಮಾತ್ರೆ ನುಂಗಿದರೂ ವೈರಸ್ ಇಳಿಯದಿದ್ದರೆ

ಡಿಸೆಂಬರ್ 1 ಬಂತೆಂದರೆ ನನ್ನಂಥ ಸ್ಟ್ರಿಂಗರ್‌ಗಳಿಗೆ ಸುದ್ದಿ ಮೊದಲೇ ಸಿದ್ಧ. ವಿಶ್ವ ಏಡ್ಸ್ ದಿನ. ತುಮಕೂರಿನ ಟೌನ್‌ಹಾಲ್ ಸರ್ಕಲ್ ಕಡೆ ಜಾಥಾ, ನರ್ಸಿಂಗ್ ಕಾಲೇಜಿನ ಮಕ್ಕಳ ಕೈಯಲ್ಲಿ ಫಲಕ, ಎದೆ ಮೇಲೆ ಕೆಂಪು ರಿಬ್ಬನ್, ಅಧಿಕಾರಿಗಳ ಭಾಷಣ. ಫೋಟೊ ಸಮೇತ ನಾಲ್ಕು ಇಂಚು. ಗುಬ್ಬಿಯಿಂದಲೂ ಅದೇ, ಕುಣಿಗಲ್‌ನಿಂದಲೂ ಅದೇ. ಊರಿನ ಹೆಸರು ಬದಲಿಸಿದರೆ ಸಾಕು.

ಆ ನಾಲ್ಕು ಇಂಚಿನಲ್ಲಿ ಎರಡು ಮಾತು ತಪ್ಪದೆ ಇರುತ್ತವೆ. ರೋಗ ಬಾರದಂತೆ ಎಚ್ಚರ ವಹಿಸಿ. ಬಂದರೂ ಹೆದರಬೇಡಿ, ಉಚಿತ ಮಾತ್ರೆ ಇದೆ. ಎರಡೂ ನಿಜ. ಆದರೆ ಮೂರನೆಯ ಪ್ರಶ್ನೆಯೊಂದಿದೆ. ಮಾತ್ರೆ ನುಂಗುತ್ತಿದ್ದರೂ ವೈರಸ್ ಇಳಿಯದಿದ್ದರೆ ಏನು ಮಾಡಬೇಕು? ನಾನು ವರದಿ ಮಾಡಿದ ಯಾವ ಭಾಷಣದಲ್ಲೂ ಇದಕ್ಕೆ ಉತ್ತರ ಕೇಳಿಲ್ಲ.

ಊರಲ್ಲಿ ಮಾತ್ರ ಇದಕ್ಕೆ ಉತ್ತರ ಬಾಯಿ ತುದಿಯಲ್ಲೇ ಇರುತ್ತದೆ. "ಎಲ್ಲಿ ನುಂಗಿರ್ತಾರೆ ಬಿಡು."

ಈ ಒಂದು ಮಾತಿನಿಂದ ಮಾತ್ರೆಯನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಹಾಗಾಗಿ ಇವತ್ತು ಆ ಮೂರನೆಯ ಪ್ರಶ್ನೆಯ ಬಗ್ಗೆ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಬಸ್ಸಿನಲ್ಲಿ ಸೀಟು ಸಿಕ್ಕಾಗ ಓದಿ.

ಗುಬ್ಬಿ ತಾಲ್ಲೂಕಿನ ಒಬ್ಬ ಅಕ್ಕನಿಂದ ಶುರು ಮಾಡುತ್ತೇನೆ. ಹೆಸರು, ಊರು ಹೇಳುವುದಿಲ್ಲ. ಒಬ್ಬರಿಗೆ ಎಚ್‌ಐವಿ ಇದೆ ಎಂಬುದನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡುವಂತಿಲ್ಲ. ಅದಕ್ಕೆಂದೇ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಾಯ್ದೆ ಇಲ್ಲದಿದ್ದರೂ ಊರಲ್ಲಿ ಬದುಕಬೇಕಾದವರು ಅವರು, ನಾನಲ್ಲ. ಬರೆದದ್ದನ್ನು ಅವರಿಗೆ ಓದಿ ಹೇಳಿದ್ದೇನೆ. ಗುರುತು ಸಿಗುವಂಥದ್ದನ್ನು ಬದಲಿಸಿದ್ದೇನೆ.

ಅಡಿಕೆ ಕಾಲದಲ್ಲಿ ಅಡಿಕೆ ಸುಲಿಯುವುದು, ಉಳಿದ ದಿನ ಸಿಕ್ಕಿದ ಕೂಲಿ. ಗಂಡ ತೀರಿಕೊಂಡ ಮೇಲೆ ಇವರಿಗೂ ಪರೀಕ್ಷೆ ಆಯಿತು. 2010ರಿಂದ ಎಆರ್‌ಟಿ ಮಾತ್ರೆ. ತಿಂಗಳಿಗೊಮ್ಮೆ ಗುಬ್ಬಿಗೆ ಬಂದು, ಅಲ್ಲಿಂದ ತುಮಕೂರಿನ ಬಸ್ಸು ಹತ್ತಿ, ಡಬ್ಬಿ ತಗೊಂಡು ಸಂಜೆಗೆ ವಾಪಸ್. ಮನೆಯಲ್ಲಿ "ಶುಗರ್ ಮಾತ್ರೆ" ಅಂತ ಹೇಳಿದ್ದರು. ಅಣ್ಣನಿಗೆ ಮಾತ್ರ ನಿಜ ಗೊತ್ತಿತ್ತು.

ಎಷ್ಟೋ ವರ್ಷ ಎಲ್ಲ ಸರಿಯಿತ್ತು. 2018ರಲ್ಲಿ ಮೊದಲ ಬಾರಿಗೆ ಅವರಿಗೆ ವೈರಲ್ ಲೋಡ್ ಪರೀಕ್ಷೆ ಮಾಡಿದರು. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾತ್ರೆ ತಗೊಳ್ಳುವ ಎಲ್ಲರಿಗೂ ಈ ಪರೀಕ್ಷೆಯನ್ನು ಉಚಿತ ಮಾಡಿತು. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ ಎಷ್ಟು ಪ್ರತಿಗಳಿವೆ ಎಂದು ಅದು ಎಣಿಸಿ ಹೇಳುತ್ತದೆ. ಅದಕ್ಕೆ ಮೊದಲು ಸಾಮಾನ್ಯವಾಗಿ ನೋಡುತ್ತಿದ್ದದ್ದು ಸಿಡಿ4 ಎಣಿಕೆ, ಅಂದರೆ ದೇಹದ ಕಾವಲು ಪಡೆಯ ಲೆಕ್ಕ. ಕಾವಲುಗಾರರ ಸಂಖ್ಯೆ ಕುಸಿಯುವ ಹೊತ್ತಿಗೆ ಕಳ್ಳರು ಎಷ್ಟೋ ತಿಂಗಳಿಂದ ಮನೆಯೊಳಗೇ ಇರಬಹುದು. ವೈರಲ್ ಲೋಡ್ ನೇರವಾಗಿ ಕಳ್ಳರನ್ನೇ ಎಣಿಸುತ್ತದೆ.

1000ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಹಿಡಿತದಲ್ಲಿಟ್ಟಿದೆ ಎಂದು ಲೆಕ್ಕ. ಅಕ್ಕನದು ಹತ್ತಾರು ಸಾವಿರ ಬಂತು.

ಅಣ್ಣ ಕೂಗಾಡಿದ. "ಬಸ್ ಚಾರ್ಜು ಕೊಟ್ಟು ಕಳಿಸ್ತೀನಿ, ನೀನು ತಗೊಂಡೋಗಿ ತಿಪ್ಪೆಗೆ ಸುರೀತೀಯಾ?" ಅಕ್ಕ ಒಳಗೆ ಹೋಗಿ ಅಟ್ಟದಿಂದ ಒಂದು ಗೊಬ್ಬರದ ಚೀಲ ಎಳೆದು ತಂದು ಸುರಿದರು. ಒಳಗೆಲ್ಲ ಖಾಲಿ ಡಬ್ಬಿಗಳು. ಬೀದಿಗೆ ಎಸೆದರೆ ಯಾರಾದರೂ ಹೆಸರು ಓದುತ್ತಾರೆಂಬ ಹೆದರಿಕೆಗೆ ವರ್ಷಗಟ್ಟಲೆ ಕೂಡಿಟ್ಟಿದ್ದರು. ಅಣ್ಣ ಅದಕ್ಕೂ ಜಗ್ಗಲಿಲ್ಲ. "ಡಬ್ಬಿ ಖಾಲಿ ಮಾಡೋದೇನು ದೊಡ್ಡ ವಿಷ್ಯಾನಾ?"

ಅವನು ನನಗೆ ಪರಿಚಯ. "ಪೇಪರ್‌ನೋರು ಜೊತೆಗಿದ್ರೆ ಡಾಕ್ಟ್ರು ಬಿಡಿಸಿ ಹೇಳ್ತಾರೆ" ಅಂತ ನನ್ನನ್ನು ಕರೆದ. ಹಾಗೆ ನಾನು ಈ ಕಥೆಯೊಳಗೆ ಬಂದೆ. ಮೂರು ತಿಂಗಳು ಆಪ್ತಸಮಾಲೋಚನೆ ನಡೆಯಿತು, ಮತ್ತೆ ವೈರಲ್ ಲೋಡ್ ಮಾಡಿದರು. ಇಳಿದಿರಲಿಲ್ಲ. ಆಗ ಒಬ್ಬ ವೈದ್ಯರು ಹೇಳಿದರು: "ವೈರಸ್ಸಿನ ಜೀನ್ ಓದಿಸೋಣ. ಯಾವ ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಅದೇ ಹೇಳುತ್ತೆ." ಪೀಣ್ಯದಲ್ಲಿ ಕೆಲಸಕ್ಕಿದ್ದ ಮಗ ದುಡ್ಡು ಹೊಂದಿಸಿದ. ಸಾವಿರಗಟ್ಟಲೆ ಖರ್ಚು. ಬೆಂಗಳೂರಿನ ಲ್ಯಾಬಿಗೆ ರಕ್ತ ಹೋಯಿತು. ಕೆಲವು ವಾರಗಳ ನಂತರ ವರದಿ ಬಂತು. ಅದರಲ್ಲಿ ಎರಡು ಸಂಕೇತಗಳಿದ್ದವು: ಕೆ 103 ಎನ್, ಎಂ 184 ವಿ.

ಇವು ಏನು? ಪಹಣಿ ಗೊತ್ತಿರುವವರಿಗೆ ಇದು ಕಷ್ಟವಲ್ಲ.

ಶಾನುಭೋಗರು ಕೈಯಲ್ಲಿ ನಕಲು ಬರೆಯುತ್ತಿದ್ದ ಕಾಲದ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಾರೆ. ಒಂದು ಅಂಕಿ ತಪ್ಪಿದರೆ ಒಬ್ಬರ ಗದ್ದೆ ಇನ್ನೊಬ್ಬರ ಹೆಸರಿಗೆ. ತಪ್ಪಾದ ನಕಲಿನಿಂದ ಇನ್ನೊಂದು ನಕಲು ತೆಗೆದರೆ ಆ ತಪ್ಪೇ ಖಾಯಂ. ಎಚ್‌ಐವಿ ಕೂಡ ಹೀಗೆ ನಕಲು ತೆಗೆಯುತ್ತಲೇ ಬದುಕುವ ಜೀವಿ. ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನಕ್ಕೆ ನೂರಾರು ಕೋಟಿ ಹೊಸ ವೈರಸ್ ಹುಟ್ಟುತ್ತವೆ. ನಕಲು ಬರೆಯುವ ಅದರ ಕಿಣ್ವದ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಬರೆದದ್ದನ್ನು ಮತ್ತೆ ಓದಿ ತಿದ್ದುವ ಅಭ್ಯಾಸ ಅದಕ್ಕಿಲ್ಲ. ಹಾಗಾಗಿ ತಪ್ಪುಗಳು ನಡೆಯುತ್ತಲೇ ಇರುತ್ತವೆ. ಹೆಚ್ಚಿನ ತಪ್ಪುಗಳಿಂದ ವೈರಸ್ಸಿಗೇ ನಷ್ಟ. ಆದರೆ ಯಾವುದೋ ಒಂದು ತಪ್ಪು, ಮಾತ್ರೆ ಬಂದು ಹಿಡಿದುಕೊಳ್ಳುವ ಜಾಗದಲ್ಲೇ ಆಗಿಬಿಟ್ಟರೆ ಮಾತ್ರೆಗೆ ಹಿಡಿತ ಸಿಗುವುದಿಲ್ಲ.

ಕೆ 103 ಎನ್ ಅಂದರೆ ಅಷ್ಟೇ. ಆ ಕಿಣ್ವದ 103ನೇ ಜಾಗದಲ್ಲಿ 'ಕೆ' ಎಂಬ ಅಮೈನೊ ಆಮ್ಲ ಇರಬೇಕಿತ್ತು, ಈಗ 'ಎನ್' ಇದೆ. ಸರ್ವೆ ನಂಬರ್ 103ರಲ್ಲಿ ಖಾತೆದಾರ ಬದಲಾದ ಹಾಗೆ. ಈ ಒಂದು ಬದಲಾವಣೆಯಿಂದ ನೆವಿರಪಿನ್, ಎಫಾವಿರೆಂಜ್ ಎರಡೂ ಮಾತ್ರೆ ಕೈಕೊಡುತ್ತವೆ. ಎಂ 184 ವಿ ಆದರೆ ಲ್ಯಾಮಿವುಡಿನ್ ಕೈಕೊಡುತ್ತದೆ. ಅಕ್ಕ ನುಂಗುತ್ತಿದ್ದದ್ದು ಜಿಡೊವುಡಿನ್, ಲ್ಯಾಮಿವುಡಿನ್, ನೆವಿರಪಿನ್. ಮೂರರಲ್ಲಿ ಎರಡು ಕೆಲಸ ನಿಲ್ಲಿಸಿದ್ದವು. ಒಂದೇ ಎತ್ತಿನಲ್ಲಿ ಗಾಡಿ ಎಳೆಸಿದ ಹಾಗೆ.

ವರದಿ ನೋಡಿ ಆ ವೈದ್ಯರು ಹೇಳಿದ ಮಾತು ನನ್ನ ನೋಟ್‌ಬುಕ್ಕಿನಲ್ಲಿದೆ. "ಇವರು ಮಾತ್ರೆ ನುಂಗ್ತಿದ್ದಾರೆ ಅನ್ನೋದಕ್ಕೆ ಈ ರಿಪೋರ್ಟೇ ಸಾಕ್ಷಿ."

ಅಣ್ಣನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವರು ಬಿಡಿಸಿ ಹೇಳಿದರು. 184ನೇ ಜಾಗ ಬದಲಾದ ವೈರಸ್ಸು ಮಾತ್ರೆಗೆ ಜಗ್ಗದು ನಿಜ, ಆದರೆ ಕುಂಟು. ಮೂಲ ವೈರಸ್ಸಿನಷ್ಟು ವೇಗವಾಗಿ ಬೆಳೆಯಲಾರದು. ಲ್ಯಾಮಿವುಡಿನ್ ರಕ್ತದಲ್ಲಿದ್ದಾಗ ಮಾತ್ರ ಈ ಕುಂಟನಿಗೆ ಕಾಲ. ಮಾತ್ರೆ ಬಿಟ್ಟುಬಿಟ್ಟರೆ ಕೆಲವೇ ವಾರಗಳಲ್ಲಿ ಮೂಲ ವೈರಸ್ಸು ಓಡಿ ಬಂದು ಜಾಗ ತುಂಬುತ್ತದೆ, ಕುಂಟ ಮೂಲೆಗೆ ಸರಿಯುತ್ತಾನೆ, ವರದಿಯಲ್ಲಿ ಕಾಣುವುದೇ ಇಲ್ಲ. ಈ ವರದಿಯಲ್ಲಿ ಎದ್ದು ಕಾಣುತ್ತಿದ್ದಾನೆ ಎಂದರೆ ಮಾತ್ರೆ ದೇಹಕ್ಕೆ ಹೋಗುತ್ತಿದೆ ಎಂದೇ ಅರ್ಥ.

ಒಂದು ಗೊಬ್ಬರದ ಚೀಲದ ತುಂಬ ಖಾಲಿ ಡಬ್ಬಿ ಹೇಳಲಾಗದ್ದನ್ನು ವೈರಸ್ಸೇ ಹೇಳಿತ್ತು.

ಹಾಗಾದರೆ ಜಗ್ಗದ ವೈರಸ್ ಹುಟ್ಟಿದ್ದು ಹೇಗೆ? ಕೇಳಿದಾಗ ಅಕ್ಕ ನೆನಪಿಸಿಕೊಂಡರು. 2013ರಲ್ಲಿ ಹತ್ತಿರದ ನೆಂಟರ ಮದುವೆ, ಹನ್ನೆರಡು ದಿನ ಅವರ ಮನೆಯಲ್ಲಿದ್ದರು. ಮನೆ ತುಂಬ ಜನ. ಒಂದೇ ಟ್ರಂಕಿಗೆ ಹತ್ತು ಕೈ. ಡಬ್ಬಿ ಒಯ್ದರೆ ಯಾರಾದರೂ ನೋಡುತ್ತಾರೆ ಎಂದು ಮನೆಯಲ್ಲೇ ಬಿಟ್ಟು ಹೋದರು. ನೆವಿರಪಿನ್ ರಕ್ತದಿಂದ ಬೇಗ ಹೋಗುವುದಿಲ್ಲ. ಮೂರೂ ಮಾತ್ರೆ ಒಟ್ಟಿಗೆ ನಿಲ್ಲಿಸಿದರೂ ಜೊತೆಯ ಎರಡು ಬೇಗ ಕರಗಿ, ಇದೊಂದೇ ಕೆಲವು ದಿನ ಉಳಿಯುತ್ತದೆ. ಒಂಟಿ ಮಾತ್ರೆ, ಎಚ್ಚೆತ್ತ ವೈರಸ್. 103ನೇ ಜಾಗದ ತಪ್ಪಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಬೇರೆ ಬೇಕಿಲ್ಲ. ಖಚಿತವಾಗಿ ಆವತ್ತೇ ಆಯಿತು ಎಂದು ಯಾರೂ ಹೇಳಲಾರರು. ಆದರೆ ಇದು ಆಗುವ ದಾರಿ ಇದೇ.

ಬೇಸಾಯ ಮಾಡುವವರಿಗೆ ಇದು ಹೊಸದಲ್ಲ. ಟೊಮ್ಯಾಟೊಗೆ ಹುಳದ ಔಷಧಿ ಹೊಡೆಯುವಾಗ ಅಳತೆಯಷ್ಟು ಹಾಕದೆ ಅರ್ಧ ಹಾಕಿದರೆ ಏನಾಗುತ್ತದೆ? ಬಡಕಲು ಹುಳ ಸಾಯುತ್ತವೆ, ಗಟ್ಟಿ ಹುಳ ಉಳಿದು ಮರಿ ಹಾಕುತ್ತವೆ. ಮುಂದಿನ ವರ್ಷ ಅದೇ ಔಷಧಿ ನೀರಿಗೆ ಸಮ. ಎಚ್‌ಐವಿಗೆ ಒಂದರ ಬದಲು ಮೂರು ಔಷಧಿ ಒಟ್ಟಿಗೆ ಕೊಡುವುದು ಈ ಕಾರಣಕ್ಕೇ. ಒಂದೇ ವೈರಸ್ಸು ಒಂದೇ ಸಲಕ್ಕೆ ಮೂರು ಔಷಧಿಯನ್ನೂ ತಪ್ಪಿಸಿಕೊಳ್ಳುವ ಸಾಧ್ಯತೆ ತೀರಾ ಕಡಿಮೆ.

ಇಲ್ಲಿ ನಮ್ಮ ಮನೆಯ ವಿಷಯವನ್ನೂ ಹೇಳಬೇಕು. ನನ್ನ ದೊಡ್ಡಪ್ಪನ ಕಡೆ ಕುಣಿಗಲ್ ಹತ್ತಿರ. ಆ ಮನೆಯ ಅಣ್ಣನೊಬ್ಬ 2003ರಲ್ಲಿ ತೀರಿಕೊಂಡ. ಆಗ ನಾನು ಹೈಸ್ಕೂಲು. ಉಚಿತ ಮಾತ್ರೆ ಶುರುವಾಗಿದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳನ್ನು ಮೊದಲ ಹಂತಕ್ಕೆ ಆರಿಸಿದ್ದರು, ಅದರಲ್ಲಿ ಕರ್ನಾಟಕವೂ ಇತ್ತು. ಅವನಿಗೆ ಅದು ಸಿಗಲಿಲ್ಲ. ಆದರೆ ಮಾತ್ರೆ ಅವನು ನೋಡದೇ ಇರಲಿಲ್ಲ. 2001ರಲ್ಲಿ ಭಾರತದ ಸಿಪ್ಲಾ ಕಂಪನಿ ಮೂರು ಔಷಧಿಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆ ಎಂದು ಹೇಳಿ ಜಗತ್ತನ್ನೇ ಬೆರಗಾಗಿಸಿತ್ತು. ಜಗತ್ತಿಗೆ ಅದು ಅಗ್ಗ. ಮೂವತ್ತು ತೆಂಗಿನ ಮರದ ಮನೆಗೆ ಅಲ್ಲ. ಕೊಬ್ಬರಿ ಮಾರಿದ ತಿಂಗಳು ಮಾತ್ರೆ ತರುತ್ತಿದ್ದ. ದುಡ್ಡು ಮುಗಿದರೆ ಮಾತ್ರೆಯೂ ಮುಗಿಯಿತು. ಆಮೇಲೆ ಸಾಲ ಸಿಕ್ಕಾಗ ಮತ್ತೆ ಒಂದು ತಿಂಗಳು. ಅರ್ಧ ಅಳತೆಯ ಔಷಧಿ ಅಂದೆನಲ್ಲ, ಇದೇ ಅದು.

ಅವನ ರಕ್ತದಲ್ಲಿ ಯಾವ ವೈರಸ್ ಇತ್ತು ಎಂದು ಯಾರೂ ಓದಲಿಲ್ಲ. ಓದುವ ಮಾತು ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಈಗಲೂ ಅವನ ಮಾತು ಬಂದರೆ "ಅವನು ನೆಟ್ಟಗೆ ಮಾತ್ರೆ ತಗೊಳ್ಳಲಿಲ್ಲ" ಎನ್ನುತ್ತಾರೆ. ಕೊಬ್ಬರಿ ರೇಟು ಬಿದ್ದಿದ್ದನ್ನು ಯಾರೂ ಹೇಳುವುದಿಲ್ಲ.

ಇನ್ನು ಪರೀಕ್ಷೆ ಹೇಗೆ ಮಾಡುತ್ತಾರೆ ಎಂಬುದು. ಕೊರೊನಾ ಕಾಲದಲ್ಲಿ ಆರ್‌ಟಿ-ಪಿಸಿಆರ್ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತಲ್ಲ? ಅದೇ ವಿದ್ಯೆ ಇಲ್ಲೂ ಬೇಕು. ಆ 'ಆರ್‌ಟಿ' ಅಂದರೆ ಮೇಲೆ ಹೇಳಿದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸೇ. ತೋಳಿನಿಂದ ಸಾಮಾನ್ಯವಾಗಿ ತೆಗೆಯುವಂತೆ ರಕ್ತ ತೆಗೆದು, ಅದರಿಂದ ಪ್ಲಾಸ್ಮಾ ಎಂಬ ತಿಳಿಯನ್ನು ಬೇರ್ಪಡಿಸಿ, ತಂಪಾಗಿ ಇಟ್ಟು ಲ್ಯಾಬಿಗೆ ಕಳಿಸುತ್ತಾರೆ. ವೈರಸ್ಸಿನ ಆರ್‌ಎನ್‌ಎ ಬಿಸಿಗೆ ಬೇಗ ಹಾಳಾಗುತ್ತದೆ, ಅದಕ್ಕೇ ತಂಪು. ಲ್ಯಾಬಿನಲ್ಲಿ ಆ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಮಾಡಿ, ಪಿಸಿಆರ್‌ನಿಂದ ಕೋಟಿಗಟ್ಟಲೆ ಪ್ರತಿ ಮಾಡಿ, ಮಾತ್ರೆಗಳು ಹಿಡಿಯುವ ಭಾಗವನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ. ಓದಿದ್ದನ್ನು ಮೂಲ ಪ್ರತಿಯ ಜೊತೆ ಹೋಲಿಸುತ್ತಾರೆ. ಎಲ್ಲಿ ಬದಲಾಗಿದೆ, ಅದರಿಂದ ಯಾವ ಔಷಧಿಗೆ ಎಷ್ಟು ಪೆಟ್ಟು ಎಂದು ಹೇಳಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಉಚಿತ ದತ್ತಸಂಚಯವನ್ನು ಜಗತ್ತಿನ ಎಷ್ಟೋ ಲ್ಯಾಬುಗಳು ಬಳಸುತ್ತವೆ. ಅದು ಒಂದೊಂದು ಔಷಧಿಗೂ "ಪೂರ್ತಿ ಕೆಲಸ ಮಾಡುತ್ತದೆ" ಎಂಬಲ್ಲಿಂದ "ಹೆಚ್ಚಿನ ಪ್ರತಿರೋಧ" ಎಂಬವರೆಗೆ ಐದು ದರ್ಜೆ ಕೊಡುತ್ತದೆ.

ಈ ಪರೀಕ್ಷೆಗೆ ಮಿತಿಗಳೂ ಇವೆ. ರಕ್ತದಲ್ಲಿ ವೈರಸ್ ತೀರಾ ಕಡಿಮೆ ಇದ್ದರೆ, ಸುಮಾರಾಗಿ 1000ಕ್ಕಿಂತ ಕೆಳಗಿದ್ದರೆ, ಓದಲು ಸಾಕಾಗದೇ ಹೋಗಬಹುದು. ಒಟ್ಟು ವೈರಸ್ಸಿನಲ್ಲಿ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಇರುವ ತಳಿಯನ್ನು ಸಾಮಾನ್ಯ ವಿಧಾನ ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಮಾತ್ರೆ ನಿಲ್ಲಿಸಿ ನಾಲ್ಕು ವಾರ ಕಳೆದರೆ ಜಗ್ಗದ ವೈರಸ್ ಅಡಗಿಕೊಂಡಿರಬಹುದು. ವರದಿ "ಎಲ್ಲ ಸರಿಯಿದೆ" ಎನ್ನುತ್ತದೆ, ಹಳೇ ಮಾತ್ರೆ ಮತ್ತೆ ಶುರುವಾದ ಮೇಲೆ ಅಡಗಿದ್ದದ್ದು ಎದ್ದು ಬರುತ್ತದೆ. "ಕೆಲಸ ಮಾಡದ ಮಾತ್ರೆ ಯಾಕೆ ನುಂಗಬೇಕು" ಎಂದು ರಕ್ತ ಕೊಡುವ ಮೊದಲೇ ಬಿಟ್ಟುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಾಕ್ಟರು ಬದಲಿಸುವವರೆಗೆ ಅದೇ ಮಾತ್ರೆ ನುಂಗುತ್ತಿರಬೇಕು.

ವೈರಲ್ ಲೋಡ್‌ನಂತೆ ವರ್ಷ ವರ್ಷ ಎಲ್ಲರಿಗೂ ಮಾಡುವ ಪರೀಕ್ಷೆ ಇದಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ದಾರಿ ಹೀಗಿದೆ. ವೈರಲ್ ಲೋಡ್ 1000 ದಾಟಿದರೆ ಮೊದಲು ಮೂರು ತಿಂಗಳು ಹೆಚ್ಚಿನ ಆಪ್ತಸಮಾಲೋಚನೆ. ನಂತರ ಮತ್ತೆ ವೈರಲ್ ಲೋಡ್. ಆಗಲೂ ಇಳಿಯದಿದ್ದರೆ ಕಾಗದಪತ್ರ ತಜ್ಞ ವೈದ್ಯರ ಸಮಿತಿಯ ಮುಂದೆ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಇಂಥ ದೊಡ್ಡ ಕೇಂದ್ರ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿದೆ. ಮಾತ್ರೆ ಬದಲಿಸಬೇಕೋ, ಜೀನ್ ಓದಿಸಬೇಕೋ ಎಂದು ತಜ್ಞರು ತೀರ್ಮಾನಿಸುತ್ತಾರೆ.

ಮೂರು ತಿಂಗಳ ಆಪ್ತಸಮಾಲೋಚನೆ ಎಂದರೆ ಬರೀ ಬುದ್ಧಿ ಹೇಳುವುದು ಎಂದು ಅನ್ನಿಸಬಹುದು. ಹಾಗಲ್ಲ ಎನ್ನಲು ಕುಣಿಗಲ್ ಕಡೆಯ ಇನ್ನೊಬ್ಬರ ವಿಷಯ ಹೇಳುತ್ತೇನೆ. ಅವರು ಮದುವೆ ಅಡುಗೆಗೆ ಹೋಗುವವರು. ಸೀಸನ್ನಿನಲ್ಲಿ ವಾರಕ್ಕೆ ನಾಲ್ಕು ರಾತ್ರಿ ಕಲ್ಯಾಣಮಂಟಪದ ಅಡುಗೆಮನೆಯಲ್ಲೇ ನಿದ್ದೆ. 2023ರಲ್ಲಿ ಅವರ ವೈರಲ್ ಲೋಡ್ ದಿಢೀರನೆ ಏರಿತು. ಅವರು ತಗೊಳ್ಳುತ್ತಿದ್ದದ್ದು ಈಗ ಹೆಚ್ಚಿನವರಿಗೆ ಕೊಡುವ ಹೊಸ ಗುಳಿಗೆ. ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50, ಮೂರೂ ಒಂದರಲ್ಲೇ. "ಒಂದು ದಿನಾನೂ ಬಿಟ್ಟಿಲ್ಲ" ಎಂದು ದೇವರ ಮೇಲೆ ಆಣೆ ಇಟ್ಟರು.

ಆಪ್ತಸಮಾಲೋಚಕಿ ಆಣೆಯ ತಂಟೆಗೇ ಹೋಗಲಿಲ್ಲ. "ಮಾತ್ರೆ ಜೊತೆ ಇನ್ನೇನು ನುಂಗ್ತೀರಾ?" ಎಂದು ಕೇಳಿದರು. ಹೊತ್ತಲ್ಲದ ಹೊತ್ತಿನ ಊಟ, ಒಗ್ಗರಣೆ ಹೊಗೆ, ಅವರಿಗೆ ಸದಾ ಹೊಟ್ಟೆ ಉರಿ. ಪ್ರತಿ ರಾತ್ರಿ ಎಚ್‌ಐವಿ ಗುಳಿಗೆಯ ಜೊತೆಯಲ್ಲೇ ಗ್ಯಾಸ್ಟ್ರಿಕ್‌ಗೆ ಚೀಪುವ ಎರಡು ಆಂಟಾಸಿಡ್ ಮಾತ್ರೆ. "ಒಂದೇ ಲೋಟ ನೀರಲ್ಲಿ ಮುಗ್ದೋಗ್ಲಿ" ಎಂದು.

ಆಂಟಾಸಿಡ್‌ನಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಹೊಟ್ಟೆಯೊಳಗೆ ಡೊಲುಟೆಗ್ರಾವಿರ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಬಿಡುವುದಿಲ್ಲ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಜೊತೆಗೆ ತಗೊಂಡರೂ ಇದೇ ತೊಂದರೆ. ಡೊಲುಟೆಗ್ರಾವಿರ್ ನುಂಗಿ ಎರಡು ಗಂಟೆ ಬಿಟ್ಟು ಆಂಟಾಸಿಡ್ ತಗೊಳ್ಳಬೇಕು, ಇಲ್ಲವೇ ಆಂಟಾಸಿಡ್ ತಗೊಂಡು ಆರು ಗಂಟೆ ಆದ ಮೇಲೆ ಗುಳಿಗೆ ನುಂಗಬೇಕು. ಟಿಬಿಗೆ ಕೊಡುವ ರಿಫಾಂಪಿಸಿನ್ ಕೂಡ ಡೊಲುಟೆಗ್ರಾವಿರ್‌ನ ಬಲ ತಗ್ಗಿಸುತ್ತದೆ. ಅದಕ್ಕೇ ಟಿಬಿ ಇರುವವರಿಗೆ ಡೊಲುಟೆಗ್ರಾವಿರ್ ಅನ್ನು ದಿನಕ್ಕೆ ಎರಡು ಸಲ ಕೊಡುತ್ತಾರೆ.

ಅವರು ಸಮಯ ಬದಲಿಸಿದರು. ಮೂರು ತಿಂಗಳ ನಂತರ ವೈರಲ್ ಲೋಡ್ ಇಳಿಯಿತು. ಜೀನ್ ಪರೀಕ್ಷೆ ಬೇಕಾಗಲೇ ಇಲ್ಲ. ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ಗುಳಿಗೆ ಬಾಯಿಗೆ ಹೋಗುತ್ತಿತ್ತು, ರಕ್ತಕ್ಕೆ ಸಾಕಷ್ಟು ಹೋಗುತ್ತಿರಲಿಲ್ಲ.

ಈ ಇಬ್ಬರನ್ನೂ ನೋಡಿದ ಮೇಲೆ ನನಗೆ ಒಂದು ಸ್ಪಷ್ಟವಾಯಿತು. ಇಬ್ಬರಿಗೂ ಊರು ಕೊಟ್ಟ ತೀರ್ಪು ಒಂದೇ, "ನುಂಗಿಲ್ಲ." ಇಬ್ಬರ ವಿಷಯದಲ್ಲೂ ಅದು ಸುಳ್ಳು. ಒಬ್ಬರಿಗೆ ಅದನ್ನು ಪರೀಕ್ಷೆ ತೋರಿಸಿತು, ಇನ್ನೊಬ್ಬರಿಗೆ ಒಂದು ಸರಿಯಾದ ಪ್ರಶ್ನೆ ತೋರಿಸಿತು.

ನುಂಗದೇ ಇರುವವರು ಇಲ್ಲವೇ? ಇದ್ದಾರೆ. ಮಾತ್ರೆ ತಪ್ಪುವುದಕ್ಕೂ ಜಗ್ಗದ ವೈರಸ್ ಬೆಳೆಯುವುದಕ್ಕೂ ನಂಟಿದೆ ಎಂದು 2011ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನವೇ ಹೇಳಿದೆ. ಆದರೆ ಯಾಕೆ ತಪ್ಪುತ್ತದೆ ಎಂದು ಕೇಳಬೇಕಲ್ಲ. ಮರೆವು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯೆ ಅನಿತಾ ಶೇಟ್ ಮತ್ತು ಸಂಗಡಿಗರು ದಕ್ಷಿಣ ಭಾರತದಲ್ಲಿ ಇದನ್ನೇ ಪರೀಕ್ಷಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಹೊಸದಾಗಿ ಮಾತ್ರೆ ಶುರು ಮಾಡಿದ 631 ಜನ. ಅರ್ಧ ಜನರ ಮೊಬೈಲಿಗೆ ವಾರಕ್ಕೊಮ್ಮೆ ನೆನಪಿಸುವ ಧ್ವನಿ ಕರೆ, ಒಂದು ಚಿತ್ರಸಂದೇಶ. ಉಳಿದವರಿಗೆ ಮಾಮೂಲಿ ಆರೈಕೆ. 96 ವಾರ ನೋಡಿದರು. ವೈರಸ್ ಮತ್ತೆ ಏರುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಸಿಗಲಿಲ್ಲ.

ಇದನ್ನು ಓದಿದಾಗ ನನಗೆ ಆ ಮದುವೆ ಮನೆಯ ಟ್ರಂಕು ಕಣ್ಣಿಗೆ ಬಂತು. ಅಕ್ಕ ಮಾತ್ರೆ ಮರೆತಿರಲಿಲ್ಲ. ಆ ಹನ್ನೆರಡೂ ದಿನ ರಾತ್ರಿ ಒಂಬತ್ತಕ್ಕೆ ಅದು ನೆನಪಾಗುತ್ತಿತ್ತಂತೆ. ಇಡಲು ಜಾಗ ಇರಲಿಲ್ಲ, ಅಷ್ಟೇ. ಜಾಗ ಇಲ್ಲದ್ದಕ್ಕೆ ಮೊಬೈಲು ಏನು ಮಾಡೀತು? ಕೂಲಿ ತಪ್ಪಿಸಿ ತುಮಕೂರಿಗೆ ಹೋಗಬೇಕಾದ ದಿನಕ್ಕೆ, ಬಸ್ ಚಾರ್ಜಿಗೆ, ಕ್ಯೂನಲ್ಲಿ ಊರಿನವರು ಸಿಕ್ಕಿಬಿಟ್ಟಾರು ಎಂಬ ಹೆದರಿಕೆಗೆ ಏನು ಮಾಡೀತು?

ಡೊಲುಟೆಗ್ರಾವಿರ್ ಬಂದ ಮೇಲೆ ಚಿಂತೆ ಕಡಿಮೆಯಾಗಿದೆ. ವೈರಸ್ಸು ಇದನ್ನು ತಪ್ಪಿಸಿಕೊಳ್ಳುವುದು ನೆವಿರಪಿನ್‌ನಷ್ಟು ಸುಲಭವಲ್ಲ. ಒಂದೇ ತಪ್ಪಿಗೆ ಸೋಲುವ ಔಷಧಿ ಅಲ್ಲ. ಆದರೂ ನಿಶ್ಚಿಂತೆ ಬೇಡ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೆಲವು ದೇಶಗಳ ಸಮೀಕ್ಷೆಗಳನ್ನು ಮುಂದಿಟ್ಟಿತು. ಡೊಲುಟೆಗ್ರಾವಿರ್‌ಗೆ ಜಗ್ಗದ ವೈರಸ್ ಶೇ 3.9ರಿಂದ ಶೇ 8.6ರವರೆಗೆ ಕಂಡಿತ್ತು. ವೈರಲ್ ಲೋಡ್ ಹೆಚ್ಚಿರುವಾಗಲೇ ಹಳೆ ಮಾತ್ರೆಯಿಂದ ಇದಕ್ಕೆ ಬದಲಾದವರಲ್ಲಿ ಶೇ 19.6ರವರೆಗೂ ಇತ್ತು. ಇನ್ನೊಂದು ವಿಷಯ ಗಮನದಲ್ಲಿರಲಿ. ಡೊಲುಟೆಗ್ರಾವಿರ್ ಹಿಡಿಯುವುದು ಇಂಟಿಗ್ರೇಸ್ ಎಂಬ ಬೇರೆ ಕಿಣ್ವವನ್ನು. ಹಳೆಯ ಜೀನ್ ಪರೀಕ್ಷೆಗಳು ಆ ಭಾಗವನ್ನು ಓದುತ್ತಲೇ ಇರಲಿಲ್ಲ. ನಿಮಗೆ ಯಾರಾದರೂ ಈ ಪರೀಕ್ಷೆ ಬರೆದರೆ "ಇಂಟಿಗ್ರೇಸ್ ಕೂಡ ಓದಿಸ್ತೀರಾ ಸಾರ್?" ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಇಷ್ಟು ಓದಿದ ಮೇಲೆ ಕೈಯಲ್ಲಿ ಉಳಿಯಬೇಕಾದ್ದು ಇದು.

ಮಾತ್ರೆ ತಗೊಳ್ಳುವವರು ನೀವಾದರೆ, ನಿಮ್ಮ ಕೊನೆಯ ವೈರಲ್ ಲೋಡ್ ಎಷ್ಟು, ಯಾವಾಗ ಮಾಡಿದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮಾತ್ರೆ ಶುರುವಾದ ಆರನೇ ತಿಂಗಳು, ಹನ್ನೆರಡನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಮಾಡಬೇಕು. ಎಕರೆ ಗುಂಟೆ ನೆನಪಿಟ್ಟುಕೊಳ್ಳುವ ನಮಗೆ ಈ ಒಂದು ಅಂಕಿ ಭಾರವಲ್ಲ. ಅದು ಪತ್ತೆಯಾಗದ ಮಟ್ಟದಲ್ಲೇ ನಿಂತಿದ್ದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ.

ಹೊಟ್ಟೆ ಉರಿ, ರಕ್ತಹೀನತೆ, ಮೂಳೆ ನೋವು, ಟಿಬಿ, ನಾಟಿ ಔಷಧಿ, ಏನೇ ತಗೊಂಡರೂ ಎಆರ್‌ಟಿ ಕೇಂದ್ರದಲ್ಲಿ ಹೇಳಿ. ಮಾತ್ರೆ ತಪ್ಪಿದ್ದರೆ ಅದನ್ನೂ ಹೇಳಿ. ಎಷ್ಟು ದಿನ, ಯಾಕೆ ಎಂದು. ಡಾಕ್ಟರಿಗೆ ಅದು ದೂರಲ್ಲ, ದಾರಿ. ವೈರಸ್ ಏರಿದೆ ಎಂದ ಕೂಡಲೇ ಮಾತ್ರೆ ಬಿಡಬೇಡಿ. ಕೇಳಲು ಯಾರೂ ಇಲ್ಲ ಎನ್ನಿಸಿದರೆ 1097ಕ್ಕೆ ಫೋನ್ ಮಾಡಿ, ಹೆಸರು ಹೇಳಬೇಕಿಲ್ಲ, ದುಡ್ಡು ಹೋಗುವುದಿಲ್ಲ.

ಮನೆಯಲ್ಲಿ ಇನ್ನೊಬ್ಬರು ತಗೊಳ್ಳುತ್ತಿದ್ದರೆ, "ನುಂಗಿದ್ಯಾ?" ಎಂದು ಕೇಳುವ ಮೊದಲು ಅವರಿಗೆ ಡಬ್ಬಿ ಇಡಲು ಬೀಗ ಇರುವ ಒಂದು ಪೆಟ್ಟಿಗೆ ಕೊಡಿ.

ಗುಬ್ಬಿಯ ಅಕ್ಕನಿಗೆ ಎರಡನೇ ಹಂತದ ಮಾತ್ರೆ ಬದಲಿಸಿದರು. ಟೆನೊಫೊವಿರ್, ಲ್ಯಾಮಿವುಡಿನ್, ಜೊತೆಗೆ ಅಟಜನಾವಿರ್ ಮತ್ತು ರಿಟೊನಾವಿರ್. ಜಗ್ಗದ ವೈರಸ್ಸಿದ್ದರೂ ಲ್ಯಾಮಿವುಡಿನ್ ಯಾಕೆ ಬಿಡಲಿಲ್ಲ ಎಂದರೆ, ಆ ಕುಂಟನನ್ನು ಕುಂಟನಾಗಿಯೇ ಇಡಲು. ಆರು ತಿಂಗಳಿಗೆ ವೈರಲ್ ಲೋಡ್ "ಪತ್ತೆಯಾಗಿಲ್ಲ" ಎಂದು ಬಂತು. ಅಣ್ಣ ಕ್ಷಮೆ ಗಿಮೆ ಕೇಳಲಿಲ್ಲ, ನಮ್ಮ ಕಡೆ ಗಂಡಸರಿಗೆ ಅದು ಬರುವುದಿಲ್ಲ. ಮುಂದಿನ ತಿಂಗಳು ಡಬ್ಬಿ ತರಲು ತುಮಕೂರಿಗೆ ಅವನೇ ಬೈಕಿನಲ್ಲಿ ಕರೆದುಕೊಂಡು ಹೋದ. ಈಗಲೂ ಹೋಗುತ್ತಾನೆ.